ಉಪ್ಪಿಟ್ಟಿಗೂ ನೈವೇದ್ಯ

ಉಪ್ಪಿಟ್ಟಿಗೆ ಹೆದರುವ ಕಾಲ ನನಗೂ ಬಂದೀತೆಂದು ಎಣಿಸಿರಲಿಲ್ಲ. ತಿನ್ನುವುದಕ್ಕಲ್ಲ, ಡಬ್ಬಿ ತೆರೆಯುವುದಕ್ಕೆ.

ಕೆಂಗೇರಿ ಉಪನಗರದಿಂದ ಬಸ್ಸಿನಲ್ಲಿ ಓಡಾಡುತ್ತಿದ್ದಾಗ, ಕಡಲೆಕಾಯಿ, ಉಪ್ಪುಖಾರ ಹಚ್ಚಿದ ಸೌತೆಕಾಯಿ ಎಂದು ವಿಜಯನಗರ ತಲುಪುವಷ್ಟರಲ್ಲಿ ಅರ್ಧ ಊಟ ಮುಗಿದಿರುತ್ತಿತ್ತು. ಸಿಪ್ಪೆ ಎಲ್ಲಿ ಹೋಗುತ್ತಿತ್ತೆಂದು ಮಾತ್ರ ಕೇಳಬೇಡಿ. ಈಗ ಮೆಟ್ರೋ. ಇಲ್ಲಿ ಫೋನಿನಲ್ಲಿ ಇಡೀ ಬೋಗಿಗೆ ಕೇಳುವಂತೆ ಸೊಸೆಯನ್ನು ಬೈಯಬಹುದು, ಪಕ್ಕದವನ ಹೆಗಲ ಮೇಲೆ ನಿದ್ದೆ ಹೊಡೆಯಬಹುದು; ಬಾಯಿಗೆ ತುತ್ತಿಟ್ಟರೆ ಮಾತ್ರ ದಂಡ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದ ಹಿರಿಯರು ಪಾಪ, ಮೆಟ್ರೋ ಹತ್ತಿದವರಲ್ಲ.

ಮೊನ್ನೆ ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದವನು, ತಡವಾಯಿತೆಂದು ತಿಂಡಿ ಬಿಟ್ಟು ಓಡಿದೆ. ಹೆಂಡತಿ ಉಪ್ಪಿಟ್ಟಿನ ಡಬ್ಬಿಯನ್ನು ಚೀಲಕ್ಕೆ ತುರುಕಿದ್ದಳು. ನಾಯಂಡಹಳ್ಳಿ ದಾಟುವಷ್ಟರಲ್ಲಿ ಕೈ ನಡುಗಿತು, ಬೆವರು ಕಿತ್ತುಕೊಂಡು ಬಂತು; ಸಕ್ಕರೆ ಇಳಿಯುತ್ತಿತ್ತು. ನಿಜವಾಗಿ ಹೆದರಿಬಿಟ್ಟೆ. ಇಳಿದು ತಿನ್ನೋಣವೆಂದರೆ ಪ್ಲಾಟ್‌ಫಾರ್ಮಿನಲ್ಲೂ ಅದೇ ಕಾನೂನು. ಮೆಲ್ಲಗೆ ಮುಚ್ಚಳ ಸಡಿಲಿಸಿದೆ. ಒಗ್ಗರಣೆಯ ಘಮ ನನಗಿಂತ ಮೊದಲು, ಬೋಗಿಯಲ್ಲಿ ಗಸ್ತು ತಿರುಗುತ್ತಿದ್ದ ಗಾರ್ಡ್‌ನ ಮೂಗಿಗೆ ಬಡಿಯಿತು.

“ಸಾರ್, ಇಲ್ಲಿ ತಿನ್ನಂಗಿಲ್ಲ. ಮುಚ್ಚಿ ಅದನ್ನ.”

ಪಕ್ಕದಲ್ಲಿದ್ದ ಆಂಟಿಯೊಬ್ಬರು ನನ್ನ ಮುಖ ನೋಡಿದರು, ನಡುಗುವ ಕೈ ನೋಡಿದರು. ತಮ್ಮ ಬ್ಯಾಗಿನಿಂದ ಸ್ಟೀಲ್ ಡಬ್ಬಿ ತೆಗೆದು, ಒಂದು ಹಿಡಿ ಸಿಹಿಪೊಂಗಲನ್ನು ನನ್ನ ಅಂಗೈಗೆ ಹಾಕಿದರು.

“ಪ್ರಸಾದ. ಬೇಡ ಅನ್ಬಾರ್ದು, ತಗೊಳ್ಳಿ.”

ಗಾರ್ಡ್ ಬಾಯಿ ತೆರೆಯುವಷ್ಟರಲ್ಲಿ, “ನೀನೂ ಕೈ ಚಾಚಪ್ಪಾ,” ಎಂದರು. ಆತ ಅತ್ತಿತ್ತ ನೋಡಿದ. ಆಮೇಲೆ ಎಡಗೈ ಮೇಲೆ ಬಲಗೈಯಿಟ್ಟು ಇಸಿದುಕೊಂಡು, ಕಣ್ಣಿಗೊತ್ತಿ, ಬಾಯಿಗೆ ಹಾಕಿಕೊಂಡ. ಎದುರು ಸೀಟಿನಿಂದ ಇನ್ನಷ್ಟು ಕೈಗಳು ಮುಂದೆ ಬಂದವು. ಉಂಡೆವೆಂದು ಯಾರೂ ಒಪ್ಪುವುದಿಲ್ಲ. ಪ್ರಸಾದ ಬೇಡವೆನ್ನುವಷ್ಟು ಧೈರ್ಯ ನಮ್ಮಲ್ಲಿ ಯಾವ ಕಾನೂನಿಗೂ ಇಲ್ಲ.

ಜೀವ ಬಂದ ಮೇಲೆ, “ಯಾವ ದೇವಸ್ಥಾನದ್ದಮ್ಮಾ?” ಎಂದೆ.

“ದೇವಸ್ಥಾನ ಎಲ್ಲಿಂದ ಬಂತು? ಚಂದ್ರಾ ಲೇಔಟಲ್ಲಿರೋ ಮಗಳಿಗೆ ಅಂತ ಮಾಡ್ಕೊಂಡು ಹೋಗ್ತಾ ಇದೀನಿ. ದೇವ್ರ ಮುಂದೆ ಇಡ್ದೆ ನಾನು ಯಾವ ಡಬ್ಬೀನೂ ತುಂಬಲ್ಲ,” ಎನ್ನುತ್ತ ಅತ್ತಿಗುಪ್ಪೆಯಲ್ಲಿ ಇಳಿದುಹೋದರು. ಮಗಳ ಪಾಲಿಗೆ ಡಬ್ಬಿಯ ತಳ ಮಾತ್ರ ಉಳಿದಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಉಪ್ಪಿಟ್ಟಿಗೂ ನೈವೇದ್ಯ. ಅದಕ್ಕೆ ಈರುಳ್ಳಿ ಹಾಕುವುದನ್ನೂ ಬಿಡಿಸಿದ್ದೇನೆ. “ವಯಸ್ಸಾಗ್ತಾ ಆಗ್ತಾ ಇವ್ರಿಗೆ ಭಕ್ತಿ ಬಂದಿದೆ ಕಣ್ರೀ,” ಎಂದು ಹೆಂಡತಿ ಪಕ್ಕದ ಮನೆಯವರಿಗೆ ಹೇಳುತ್ತಾಳೆ. ನಾನು ತಲೆಯಾಡಿಸಿ, ಡಬ್ಬಿಯನ್ನು ಕಣ್ಣಿಗೊತ್ತಿಕೊಂಡು ಮೆಟ್ರೋ ಕಡೆ ಹೊರಡುತ್ತೇನೆ.