ಸತ್ಯವ್ವ ಬೆರಳು ಹಾಕಿ ನೋಡಿದ ಬಲಮುರಿ

ತಿಕೋಟಾದ ಹನುಮಂತದೇವರ ಗುಡಿಯಲ್ಲಿ ಶಂಖ ಊದುವ ಸೇವೆ ದಾಸರ ಪರಸಪ್ಪನ ಮನೆತನದ್ದು. ೧೯೭೩ರಲ್ಲಿ ಅವನಿಗೆ ದಮ್ಮು ಬಲವಾಯಿತು. ಊದಲು ಹೋದರೆ ಬರೀ ಕೆಮ್ಮು ಬರುತ್ತಿತ್ತು. ಒಂದು ಶನಿವಾರ ಅವನ ಹೆಂಡತಿ ಸತ್ಯವ್ವ ಶಂಖ ಎತ್ತಿಕೊಂಡು ಗುಡಿಯ ಕಟ್ಟೆಗೆ ಹೋಗಿ ತಾನೇ ಊದಿದಳು. ಗಂಡ ಮನೆಯಲ್ಲಿಲ್ಲದಾಗ ಊದಿ ಊದಿ ಎಂದೋ ಕಲಿತಿದ್ದಳು. ದನಿ ಊರ ಅಗಸಿ ಬಾಗಿಲು ದಾಟಿ ಹೋಯಿತು.

ಗುಡಿಯ ಹಿರಿಯರಾದ ಗುರಲಿಂಗಪ್ಪಗೌಡರು ಮರುದಿನ ಅವಳನ್ನು ಕರೆಸಿ, ಹೆಂಗಸು ಶಂಖ ಊದುವುದು ಶಾಸ್ತ್ರಕ್ಕೆ ವಿರುದ್ಧ ಎಂದರು. ಯಾವ ಶಾಸ್ತ್ರ, ಯಾರು ಬರೆದದ್ದು ಎಂದು ಸತ್ಯವ್ವ ಕೇಳಿದಳು. ಮುಂದಿನ ಶನಿವಾರವೂ ಅವಳು ಊದಿದಳು.

ಆಗ ಗೌಡರು ವಿಜಾಪುರಕ್ಕೆ ಹೋಗಿ, ಯಾವನೋ ಪರವೂರಿನ ವ್ಯಾಪಾರಿಯಿಂದ, ಸುರುಳಿ ಬಲಕ್ಕೆ ತಿರುಗಿದ ಬಲಮುರಿ ಶಂಖ ತಂದರು. ಲಕ್ಷಕ್ಕೊಂದು ಸಿಗುವಂಥದ್ದು, ಊದುವಂತಿಲ್ಲ, ಪೂಜಿಸಬೇಕಷ್ಟೇ, ಇನ್ನು ಊದುವವರು ಬೇಕಾಗಿಲ್ಲ ಎಂದು ಸಾರಿದರು. ಊರವರು ಒಬ್ಬೊಬ್ಬರಾಗಿ ಅದನ್ನು ಕಿವಿಗೆ ಹಿಡಿದು, ಸಮುದ್ರದ ಸದ್ದು ಕೇಳಿ, ಕೈ ಮುಗಿದರು.

ಸತ್ಯವ್ವ ಕಿವಿಗೆ ಹಿಡಿಯಲಿಲ್ಲ. ಶಂಖದ ಬಾಯೊಳಗೆ ಬೆರಳು ಹಾಕಿ ನಡುವಿನ ಕಂಬ ಮುಟ್ಟಿದಳು. ಉಗುರಿನಿಂದ ಅದರ ಬೆನ್ನು ಸವರಿದಳು.

"ಗೌಡ್ರ, ಇದು ಶಂಖ ಅಲ್ರಿ."

ಮತ್ತೆ ಸದ್ದು ಹೇಗೆ ಬರುತ್ತದೆ ಎಂದು ಗೌಡರು ಕೇಳಿದರು.

"ಕಿವಿಗೆ ಹಿಡದ್ರ ಖಾಲಿ ತಂಬಿಗೀನೂ ಗುಂಯ್ ಅಂತೈತ್ರಿ. ಖರೇ ಶಂಖದ ಒಳಗ ಕಂಬಕ್ಕ ಮೂರ್ನಾಕು ಮಡಿಕಿ ಇರ್ತಾವ, ಸೀರಿ ನಿರಿಗಿ ಇದ್ದಂಗ. ಇದರಾಗ ಒಂದೂ ಇಲ್ಲ. ಪುಡಿ ಕಲಸಿ ಎರಡು ಹೋಳು ಮಾಡಿ ಅಂಟಿಸ್ಯಾರ."

ತನ್ನ ಶಂಖ ಮುಂದೆ ಚಾಚಿ, ಬೇಕಾದರೆ ಬೆರಳು ಹಾಕಿ ಹೋಲಿಸಿ ನೋಡಿ ಎಂದಳು. ಯಾರೂ ಮುಂದೆ ಬರಲಿಲ್ಲ. ಇನ್ನು ಗುಡಿಯ ಕಟ್ಟೆ ಹತ್ತಬೇಡ ಎಂದು ಗೌಡರು ಕಡ್ಡಿ ಮುರಿದಂತೆ ಹೇಳಿದರು.

ಹತ್ತಲಿಲ್ಲ. ಪ್ರತಿ ಶನಿವಾರ ಗುಡಿಯೆದುರಿನ ರಸ್ತೆಯ ಮೇಲೆ ನಿಂತು ಊದಿದಳು. ರಸ್ತೆ ಸರಕಾರದ್ದು, ಯಾರಪ್ಪನದೂ ಅಲ್ಲ ಎಂದು ಗೌಡರಿಗೆ ಹೇಳಿ ಕಳಿಸಿದಳು. ಬಬಲೇಶ್ವರದ ಮಂದಿ ತಮ್ಮೂರ ಪೂಜೆಗೆ ಕರೆದರೆ ಬಸ್ಸು ಹತ್ತಿ ಹೋಗಿಬಂದಳು. ಊರ ಹಿರಿಯರ ಕೂಡ ಜಗಳ ಬೇಡವೆಂದು ಪರಸಪ್ಪ ಅಂಗಲಾಚಿದ. "ನಾ ಸುಳ್ಳ ಹೇಳೀನೇನು?" ಎಂದಷ್ಟೇ ಕೇಳಿದಳು.

೧೯೭೫ರ ಕಾರ್ತಿಕದಲ್ಲಿ ಪೂಜಾರಿ ಬಲಮುರಿಗೆ ಬಿಸಿನೀರಿನ ಅಭಿಷೇಕ ಮಾಡಿದ. ನೆರೆದವರ ಕಣ್ಣೆದುರೇ ಅದರ ಬೆನ್ನ ಮೇಲೊಂದು ಗೆರೆ ಬಿಟ್ಟಿತು. ಎರಡು ಹೋಳಾಗಿ ತಟ್ಟೆಯಲ್ಲಿ ಬಿತ್ತು. ನೀರು ಸುಣ್ಣ ಕಲಸಿದಂತೆ ಬೆಳ್ಳಗಾಯಿತು.

ನಾಲ್ಕು ದಿನ ಬಿಟ್ಟು ಗೌಡರು ಸತ್ಯವ್ವನ ಮನೆಗೆ ಬಂದರು. ಪರಸಪ್ಪನ ಹೆಸರಿನಲ್ಲಿ ಸೇವೆ ನಡೆಯಲಿ, ಊದಲು ಯಾರಾದರೂ ಗಂಡಸಿಗೆ ಕಲಿಸಿಕೊಡು ಎಂದರು.

"ಊದಾಕಿ ನಾನು, ಹೆಸರೂ ನಂದ ಇರ್ಲಿ. ಕಟ್ಟಿ ಮ್ಯಾಲ ನಿಂತು ಮಂದಿ ಮುಂದ ನೀವ ಕರೀರಿ. ಬರ್ತೇನಿ."

ಗೌಡರು ಎರಡು ಶನಿವಾರ ಬಿಗಿಯಾಗಿಯೇ ಇದ್ದರು. ಮೂರನೆಯದಕ್ಕೆ ಕಟ್ಟೆಯ ಅಂಚಿಗೆ ಬಂದು, ರಸ್ತೆಯಲ್ಲಿ ನಿಂತವಳಿಗೆ ಮೇಲೆ ಬಾ ಎಂದು ಮೆಲ್ಲಗೆ ಹೇಳಿದರು. ಕೇಳಿಸಲಿಲ್ಲ ಎಂದಳು ಸತ್ಯವ್ವ. ಜನ ಗೌಡರ ಮುಖ ನೋಡಿದರು.

"ಬಾರವ್ವಾ ಸತ್ಯವ್ವ, ಮ್ಯಾಲ ಬಂದು ಊದು."

ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳು ಮೆಟ್ಟಿಲು ಹತ್ತಿದಳು.