ಕ್ಲಚ್ ಪ್ಲೇಟಿಗೆ ಔಡಲೆಣ್ಣೆ

ನಮ್ಮೂರಿಗೆ ದಿನಕ್ಕೆ ಎರಡೇ ಬಸ್ಸು ಬರುತ್ತಿದ್ದ, ಆ ಎರಡೂ ತಪ್ಪಿದವರು ನಮ್ಮಪ್ಪನ ಗಾಡಿಯ ದಾರಿ ಕಾಯುತ್ತಿದ್ದ ವರ್ಷಗಳವು. ಕಲಘಟಗಿಯಿಂದ ಐದು ಮೈಲು ಒಳಗಿದ್ದ ಆ ಊರಿನಲ್ಲಿ ನಾಲ್ಕು ಗಾಲಿಯ ಮೋಟಾರು ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಮುಂದೆ ಮೂವರು ಕೂಡುವಷ್ಟು ಜಾಗ, ಹಿಂದೆ ತೆರೆದ ಡಬ್ಬಿ ಇದ್ದ ಹಳೆಯ ಪಿಕಪ್ ಗಾಡಿ. ಹೋಗುವಾಗ ಹುಬ್ಬಳ್ಳಿಗೆ ಭತ್ತದ ಚೀಲ, ಬೆಲ್ಲದ ಪೆಂಟೆ. ಬರುವಾಗ ಗೊಬ್ಬರ, ದವಾಖಾನೆಯಿಂದ ಬಿಟ್ಟ ಬಾಣಂತಿಯರು, ಒಮ್ಮೆ ಒಂದು ಎಮ್ಮೆಯ ಕರು. ಶಿವನ ದಯೆಯಿಂದ ಅದು ಎಲ್ಲರನ್ನೂ ಊರು ಮುಟ್ಟಿಸುತ್ತಿತ್ತು. ಹೇಗೆ ಮುಟ್ಟಿಸುತ್ತಿತ್ತು ಎಂಬುದು ಬೇರೆ ಮಾತು.

ಗಾಡಿಗೆ ಎರಡು ರೋಗಗಳಿದ್ದವು. ಒಂದು ಕ್ಲಚ್ಚಿನದು. ಊರಿನಿಂದ ಹೊರಬೀಳಬೇಕಾದರೆ ಕೆರೆಯ ಏರಿ ಹತ್ತಬೇಕು. ಕ್ಲಚ್ಚು ಸವೆದಿದ್ದರಿಂದ ಇಂಜಿನ್ನು ಎಷ್ಟು ಅರಚಿದರೂ ಗಾಲಿಗೆ ಅದು ಕೇಳಿಸುತ್ತಿರಲಿಲ್ಲ. ಏರಿ ಬಂದೊಡನೆ ಹಿಂದೆ ಕೂತವರು ಯಾರೂ ಹೇಳದೆಯೇ ಇಳಿದು ನಡೆಯುತ್ತಿದ್ದರು. ಮುದುಕಿಯರು ಗಾಡಿಗಿಂತ ಮೊದಲೇ ಮೇಲೆ ಹೋಗಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

ಇನ್ನೊಂದು ಗೇರ್ ರಾಡಿನದು. ಮೂರನೆಯ ಗೇರಿಗೆ ಹಾಕಿದರೆ ಅದು ತಾನಾಗಿ ಜಾರಿ ಹೊರಗೆ ಬರುತ್ತಿತ್ತು. ಅದಕ್ಕೇ ನಾಲ್ಕನೆಯ ಇಯತ್ತೆಯಲ್ಲಿದ್ದ ನನಗೆ ನೌಕರಿ ಸಿಕ್ಕಿತ್ತು. ಅಪ್ಪ "ನೀಲಾ, ಹಿಡಿ" ಅಂದ ಕೂಡಲೇ ಎರಡೂ ಕೈಯಿಂದ ರಾಡನ್ನು ಒತ್ತಿ ಹಿಡಿಯಬೇಕು, "ಬಿಡು" ಅಂದಾಗ ಬಿಡಬೇಕು. ಮೂಗು ತುರಿಸಿದರೂ ತಡೆದುಕೊಳ್ಳಬೇಕು.

ಆ ವರ್ಷ ಸಂಕ್ರಾಂತಿಯ ಹೊತ್ತಿಗೆ ಗಂಗಕ್ಕನಿಗೆ ಗಂಡು ಕೂಸು ಹುಟ್ಟಿತು. ಗಂಗಕ್ಕ ನನ್ನ ಹಿರಿಯಕ್ಕ. ಅಣ್ಣಿಗೇರಿಯ ಕಡೆ ಕೊಟ್ಟಿದ್ದರು, ಬಾಣಂತನಕ್ಕೆ ತವರಿಗೆ ಬಂದಿದ್ದಳು. ತೊಟ್ಟಿಲಿಗೆ ಹಾಕುವ ದಿನ ಅವಳ ಮಾವ ಬಂದರು. ಅಗದಿ ಬಿಳಿ ಧೋತರ, ಬಿಳಿ ಟೊಪ್ಪಿಗೆಯ ಮನುಷ್ಯ. ಮಾತು ಮಾತ್ರ ಖಾರ. ನಾವೆಲ್ಲ ಅವರನ್ನು ಬೀಗರು ಎಂದೇ ಕರೆಯುತ್ತಿದ್ದೆವು. ಅವರನ್ನು ತಿರುಗಿ ಕಲಘಟಗಿಯ ಬಸ್ಸಿಗೆ ಮುಟ್ಟಿಸಲು ಅಪ್ಪ ಹೊರಟಾಗ ನಾನು ಕೂಸಿನ ಹತ್ತಿರ ಇದ್ದೆ. ಹಾಗಾಗಿ ರಾಡು ಹಿಡಿಯುವ ಕೆಲಸ ಬೀಗರ ಪಾಲಿಗೆ ಬಂತು. ಅವರು ಮರ್ಯಾದಸ್ತರು, ಹಿಡಿದರು, ಸ್ವಲ್ಪ ಹೆಚ್ಚೇ ಗಟ್ಟಿಯಾಗಿ ಹಿಡಿದರು. ಬಸ್ ಸ್ಟ್ಯಾಂಡಿನ ಎದುರಿಗೆ ರಾಡು ಬುಡಸಮೇತ ಅವರ ಕೈಗೆ ಬಂತಂತೆ. ಇಳಿಯುವಾಗ ಅದನ್ನು ಅಪ್ಪನ ಕೈಗಿಟ್ಟು, "ತಗೋರಿ ಬೀಗರ, ನಿಮ್ಮ ಬಡಿಗಿ. ನಮ್ಮ ಮೊಮ್ಮಗನ್ನ ಕಳಸೂ ಮುಂದ ಇದನ್ನ ಹೊಳ್ಳಿ ಹಚ್ಚಿರಿ" ಅಂದರಂತೆ.

ಅಪ್ಪನಿಗೆ ಆ ಮಾತು ನಾಟಿತು. ಆದರೂ ರಾಡನ್ನು ಸೈಕಲ್ಲಿನ ಹಳೆಯ ಟ್ಯೂಬಿನಿಂದ ಬಿಗಿದು ನಾಲ್ಕು ತಿಂಗಳು ಕಳೆದ. ನಮ್ಮಪ್ಪ ಹಾಗೆಯೇ.

ಕೂಸಿಗೆ ಐದು ತಿಂಗಳು ತುಂಬಿತು. ಮಣ್ಣೆತ್ತಿನ ಅಮಾವಾಸ್ಯೆ ಮುಗಿದರೆ ಆಷಾಢ. ಆಷಾಢದಲ್ಲಿ ನಮ್ಮ ಮನೆಯಿಂದ ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವ ಪದ್ಧತಿ ಇಲ್ಲ. ಅಮಾವಾಸ್ಯೆಗೆ ಎರಡು ದಿನ ಮೊದಲು ಬಂದ ಸೋಮವಾರವೇ ಕಡೆಯ ಒಳ್ಳೆಯ ದಿನ. ಅಂದು ಅಕ್ಕ, ಕೂಸು, ಕಲಘಟಗಿಯಲ್ಲಿ ಹೇಳಿ ಮಾಡಿಸಿದ ಬಣ್ಣದ ತೊಟ್ಟಿಲು, ಟ್ರಂಕು, ಹಾಸಿಗೆ ಎಲ್ಲವನ್ನೂ ತನ್ನ ಗಾಡಿಯಲ್ಲೇ ಮುಟ್ಟಿಸುತ್ತೇನೆಂದು ಅಪ್ಪ ಮಾತು ಕೊಟ್ಟಿದ್ದ. ಕಡೆಗೂ ಶನಿವಾರ ಹುಬ್ಬಳ್ಳಿಯಿಂದ ಹೊಸ ಕ್ಲಚ್ ಪ್ಲೇಟು, ಹೊಸ ಗೇರ್ ರಾಡು ತಂದ.

ನನಗೋ ಎದೆಯಲ್ಲಿ ಕಲ್ಲು. ಐದು ತಿಂಗಳಿನಿಂದ ಶಾಲೆ ಬಿಟ್ಟೊಡನೆ ಓಡಿ ಬರುತ್ತಿದ್ದದ್ದು ಆ ಕೂಸಿಗಾಗಿ. ಅದರ ನೆತ್ತಿಗೆ ಔಡಲೆಣ್ಣೆ ಒತ್ತುವುದು, ಅಜವಾನದ ಕಾಳಿನ ಹೊಗೆ ಹಾಕುವಾಗ ಅದರ ಕಾಲು ಹಿಡಿಯುವುದು, ಅಕ್ಕನಿಗೆಂದು ಮಾಡಿದ ಅಂಟಿನುಂಡೆಯಲ್ಲಿ ಒಂದನ್ನು ಎತ್ತಿಕೊಂಡು ಕೂಸಿನ ಎದುರಿಗೇ ತಿನ್ನುವುದು. ನನ್ನ ಬೆರಳು ಹಿಡಿದರೆ ಬಿಡುತ್ತಿರಲಿಲ್ಲ.

ಹೊಸದೇನು ಮನೆಗೆ ಬಂದರೂ ಮೊದಲು ದೇವರ ಜಗಲಿಯ ಮೇಲೆ ಒಂದು ರಾತ್ರಿ ಇರಬೇಕು ಎಂಬುದು ನಮ್ಮಜ್ಜಿಯ ಕಾನೂನು. ಮೊರವೇ ಇರಲಿ, ಕುಡುಗೋಲೇ ಇರಲಿ. ಹಾಗೆ ಕ್ಲಚ್ ಪ್ಲೇಟೂ ಜಗಲಿ ಏರಿತು. ರೊಟ್ಟಿಯ ಅಗಲ, ನಡುವೆ ತೂತು, ಎರಡೂ ಮಗ್ಗುಲಿಗೆ ಕಂದು ಬಣ್ಣದ ಒರಟು ಪಟ್ಟಿ. ಅಜ್ಜಿ ವಿಭೂತಿ ಹಚ್ಚಿ, ಕುಂಕುಮವಿಟ್ಟು ಕೈಮುಗಿದಳು.

ನಾನು ಅಪ್ಪನನ್ನು ಕೇಳಿದೆ, "ಇದು ಏನ್ ಮಾಡತೈತಪ್ಪಾ?"

"ಗರಗರ ತಿರಗತೈತಿ."

ತಿರುಗುವುದಕ್ಕೆಲ್ಲ ಎಣ್ಣೆ ಬೇಕು ಎಂಬುದು ನನಗೆ ಗೊತ್ತಿದ್ದ ವಿದ್ಯೆ. ಚಕ್ಕಡಿಯ ಅಚ್ಚಿಗೆ ಎಣ್ಣೆ, ಬಾವಿಯ ಗಾಲಿಗೆ ಎಣ್ಣೆ, ಬಾಗಿಲ ತಿರುಗಣಿಗೆ ಎಣ್ಣೆ. ಅಜ್ಜಿಗೆ ವಯಸ್ಸಾಗಿದೆ, ಮರೆತಿದ್ದಾಳೆ ಎಂದುಕೊಂಡೆ. ಕೂಸು ದೂರ ಹೋಗಬೇಕು, ದಾರಿಯಲ್ಲಿ ಏನೂ ಆಗಬಾರದು. ಅದರ ನೆತ್ತಿಗೆ ಹಚ್ಚುವ ಔಡಲೆಣ್ಣೆಯ ಬಟ್ಟಲನ್ನೇ ತಂದು, ಶಿವನ ಹೆಸರು ಹೇಳುತ್ತಾ ಎರಡೂ ಮಗ್ಗುಲಿಗೆ ಅಂಗೈಯಿಂದ ತಿಕ್ಕಿ ತಿಕ್ಕಿ ಹಚ್ಚಿದೆ. ಪ್ಲೇಟು ಬಾಯಾರಿದ ದನದ ಹಾಗೆ ಕುಡಿಯಿತು. ಮೇಲಿನದನ್ನು ಅರಿವೆಯಿಂದ ಒರೆಸಿಟ್ಟೆ.

ರವಿವಾರ ಮುಂಜಾನೆ ಕಲಘಟಗಿಯಿಂದ ರಾಜೇಸಾಬ್ ಕಾಕಾ ಬಂದರು. ಅಪ್ಪನಿಗೆ ಗೊತ್ತಿದ್ದ ಒಬ್ಬರೇ ಮೇಸ್ತ್ರಿ. ಅಂಗಳದಲ್ಲಿ ಜಾಕು ಕೊಟ್ಟು, ಪಾನಾಗಳನ್ನು ಗೋಣಿಯ ಮೇಲೆ ಸಾಲಾಗಿ ಹರವಿ, ಗಾಡಿಯ ಹೊಟ್ಟೆಯ ಕೆಳಗೆ ಸೇರಿಕೊಂಡರು. ಗೇರ್ ಬಾಕ್ಸು ಇಳಿಸಿದರು, ಹಳೆಯ ಪ್ಲೇಟು ತೆಗೆದರು, ಹೊಸದನ್ನು ಕೂಡಿಸಿದರು. ಎಣ್ಣೆಯ ವಾಸನೆ ಅವರಿಗೆ ಬರಲಿಲ್ಲವೇ ಎಂದು ನೀವು ಕೇಳಬಹುದು. ಐದು ತಿಂಗಳ ಕೂಸಿದ್ದ ಮನೆ. ಬಾಗಿಲು, ಕೌದಿ, ನಾಯಿ ಎಲ್ಲಕ್ಕೂ ಅದೇ ವಾಸನೆ. ಸಂಜೆ ಅಂಗಳದಲ್ಲೇ ಗಾಡಿಯನ್ನು ಮುಂದೆ ಹಿಂದೆ ಆಡಿಸಿ ನೋಡಿದರು. ಚೆಂದಾಗಿ ಓಡಿತು. ಹೊಸ ರಾಡು ಮೂರನೆಯ ಗೇರಿನಲ್ಲಿ ಕಂಬದ ಹಾಗೆ ನಿಂತಿತು. ನನ್ನ ನೌಕರಿ ಹೋಯಿತು.

ಕರೆದೊಯ್ಯಲು ಬೀಗರು ಅಂದು ಸಂಜೆಯೇ ಬಂದಿದ್ದರು. ರಾಡನ್ನು ಎರಡು ಬೆರಳಿನಿಂದ ಮುಟ್ಟಿ, "ಹೂಂ, ಇದು ಕೈಗೆ ಬರೂಹಂಗ ಕಾಣೂದಿಲ್ಲ" ಅಂದರು. ಅಪ್ಪ ರೊಟ್ಟಿ ಒಂದು ಹೆಚ್ಚು ಉಂಡ.

ಸೋಮವಾರ ಒಂಬತ್ತಕ್ಕೆ ಅವ್ವ ಅಕ್ಕನಿಗೆ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ, ಅರಿಷಿಣ ಕೊಂಬು, ಉತ್ತತ್ತಿ. ಅಕ್ಕ ಅತ್ತು, ಎಲ್ಲರ ಕಾಲು ಮುಟ್ಟಿ, ಹೊಸ್ತಿಲು ದಾಟಿ ಗಾಡಿ ಹತ್ತಿದಳು. ತೊಟ್ಟಿಲು ಹಿಂದೆ, ಅದರ ಬಾಜು, ರಾತ್ರಿ ನಮ್ಮಲ್ಲೇ ಉಳಿದು ಕಲಘಟಗಿಗೆ ಹೊರಟಿದ್ದ ರಾಜೇಸಾಬ್ ಕಾಕಾ. ಓಣಿಯ ಜನ ಏರಿಯ ತನಕ ಹಿಂದೆ ನಡೆದೆವು.

ಏರಿಯ ಅರ್ಧಕ್ಕೆ ಗಾಡಿ ನಿಂತಿತು. ಇಂಜಿನ್ನು ಅರಚಿತು. ಅಪ್ಪ ಇನ್ನೂ ಒತ್ತಿದ. ಅದು ಇನ್ನೂ ಅರಚಿ, ಬುಡದಿಂದ ನೀಲಿ ಹೊಗೆ ಬಿಟ್ಟು, ಮೆಲ್ಲಗೆ ಹಿಂದಕ್ಕೆ ಸರಿಯತೊಡಗಿತು. ನಾವೆಲ್ಲ ಬಾಜು ಸರಿದೆವು. ಬೀಗರು ಕಿಟಕಿಯಿಂದ ತಲೆ ಹೊರಹಾಕಿ ನಿಧಾನವಾಗಿ ಹೇಳಿದರು, "ಬೀಗರ, ನಿಮ್ಮ ಗಾಡಿಗೂ ಮಗಳನ್ನ ಕಳಸೂದು ಮನಸಿಲ್ಲ ನೋಡ್ರಿ."

ಹತ್ತು ಜನ ನೂಕಿ ಮನೆಯ ಮುಂದೆ ತಂದು ನಿಲ್ಲಿಸಿದರು. ಅಕ್ಕ ಇಳಿದು ಒಳಗೆ ಹೊರಟಳು. ಅಜ್ಜಿ ಬಾಗಿಲಿಗೆ ಕೈ ಅಡ್ಡ ಹಿಡಿದಳು.

"ಉಡಿ ತುಂಬಿಸಿಕೊಂಡು ಹೊಸ್ತಿಲಾ ದಾಟೀದಿ. ಇನ್ನ ಒಳಗ ಕಾಲಿಡಬ್ಯಾಡ."

"ಮತ್ತೆಲ್ಲಿ ಕುಂದ್ರಲೇ ಯಮ್ಮಾ?"

"ಕಟ್ಟಿ ಐತೆಲ್ಲ. ಕಟ್ಟಿ ಹೊಸ್ತಿಲದ ಹೊರಗ ಬರತೈತಿ."

"ಕೂಸಿಗೆ ಹಾಲು ಕುಡಸೂದು?"

"ಬಾಜು ಮನಿಗೆ ಹೋಗು. ಅದು ನಿನ್ನ ತವರಲ್ಲ."

ಹೀಗೆ ಗಂಗಕ್ಕ ರೇಷ್ಮೆ ಸೀರೆಯಲ್ಲಿ, ತುಂಬಿದ ಉಡಿಯೊಂದಿಗೆ, ತನ್ನ ಮನೆಯ ಕಟ್ಟೆಯ ಮೇಲೆಯೇ ಪರಸ್ಥಳದವಳಾಗಿ ಕೂತಳು.

ರಾಜೇಸಾಬ್ ಕಾಕಾ ಮತ್ತೆ ಗಾಡಿಯ ಕೆಳಗೆ ಹೋದರು. ಗೇರ್ ಬಾಕ್ಸಿಗೆ ಹೆಗಲು ಕೊಡಲು ಇನ್ನೊಬ್ಬರು ಬೇಕಿತ್ತು. ಅಪ್ಪ ಒಂದು ಕಡೆ ಮಲಗಿದ್ದ. "ಬರ್ರಿ ಬೀಗರ, ನೀವೂ ಒಂಚೂರು ಎತ್ರಿ" ಎಂದು ಕಾಕಾ ಕೆಳಗಿನಿಂದ ಕರೆದರು. ಬೀಗರು ತಮ್ಮ ಧೋತರವನ್ನೊಮ್ಮೆ ನೋಡಿಕೊಂಡರು, ಸೊಸೆಯನ್ನೊಮ್ಮೆ ನೋಡಿದರು, ಟೊಪ್ಪಿಗೆ ತೆಗೆದು ಕಟ್ಟೆಯ ಮೇಲಿಟ್ಟು ಕೆಳಗೆ ತೆವಳಿದರು. ಮೂರು ಜೋಡಿ ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು.

ಪ್ಲೇಟು ಹೊರಬಂತು. ಕಾಕಾ ಅದನ್ನು ಮೂಗಿಗೆ ಹಿಡಿದರು. ಮತ್ತೊಮ್ಮೆ ಹಿಡಿದು ಅಪ್ಪನ ಕಡೆ ತಿರುಗಿದರು.

"ಗೌಡ್ರ, ಇದು ಇಂಜಿನ್ ಎಣ್ಣಿ ವಾಸನಿ ಅಲ್ಲ."

"ಮತ್ತ?"

"ಬಾಣಂತಿ ವಾಸನಿ."

ಎಲ್ಲರೂ ಅಜ್ಜಿಯತ್ತ ನೋಡಿದರು. ಅಜ್ಜಿ, "ನಾ ಬರೇ ಇಬತ್ತಿ ಹಚ್ಚೀನಪ್ಪ, ಸುಳ್ಳು ಹೇಳಿದ್ರ ಶಿವ ನೋಡ್ಕೋತಾನ" ಅಂದಳು. ಶಿವನ ಹೆಸರು ಬಂದಮೇಲೆ ನನ್ನಿಂದ ತಡೆಯಲಾಗಲಿಲ್ಲ.

"ನಾ ಹಚ್ಚೀನ್ರಿ. ತಿರಗತೈತಿ ಅಂತ ಅಪ್ಪ ಅಂದಿದ್ದ, ಅದಕ್ಕ."

ಅಪ್ಪ ಕೈ ಎತ್ತಿದ. ಕಾಕಾ ನಡುವೆ ಬಂದರು. "ಬಿಡ್ರಿ ಗೌಡ್ರ. ಅಕಿ ಲೆಕ್ಕ ಬರೋಬ್ಬರಿ ಐತಿ." ನನ್ನ ಕಡೆ ತಿರುಗಿ, "ಎಲ್ಲಾದಕ್ಕೂ ಎಣ್ಣಿ ಬೇಕವ್ವಾ, ಇದೊಂದಕ್ಕ ಬ್ಯಾಡ. ಇದರ ಕೆಲಸ ಹಿಡಕೊಳ್ಳೂದು. ಎಣ್ಣಿ ಹಚ್ಚಿದರ ಹೆಂಗ ಹಿಡಕೊಳ್ಳಬೇಕು?"

ಹುಬ್ಬಳ್ಳಿಗೆ ಹೋಗಿ ಹೊಸ ಪ್ಲೇಟು ತರುವಷ್ಟರಲ್ಲಿ ದಿನ ಮುಗಿಯುತ್ತಿತ್ತು. ಕಾಕಾ ಪೆಟ್ರೋಲಿನಿಂದ ತೊಳೆದರು. ಜಿಡ್ಡು ಪೂರ್ತಿ ಹೋಗಲಿಲ್ಲ. ಆಗ ಅಜ್ಜಿ ಒಳಗಿನಿಂದ ಒಂದು ಬುಟ್ಟಿ ಒಲೆಯ ಬೂದಿ ತಂದಿಟ್ಟಳು. "ಕರಿದ ಬಾಂಡೆದ ಜಿಡ್ಡು ಯಾತರಿಂದ ಹೋಗತೈತಿ? ಇದರಿಂದ ಹೋಗೂದಿಲ್ಲೇನು?" ಕಾಕಾ ಬೂದಿಯನ್ನು ಬೆರಳಿನಲ್ಲಿ ತಿಕ್ಕಿ ನೋಡಿ, "ಹೋದರೂ ಹೋದೀತು. ಆದರ ಎರಡೂ ಬಾಜು ಸ್ವಚ್ಛ ಆಗಬೇಕು. ಒಂದು ಬಾಜು ಉಳಕೊಂಡರೂ ಏರಿ ಹತ್ತೂದಿಲ್ಲ" ಅಂದರು. "ಹಚ್ಚಿದ ಕೈಯೇ ತಿಕ್ಕಲಿ" ಎಂದು ಅಜ್ಜಿ ಬೂದಿ, ತೆಂಗಿನ ನಾರು, ಪ್ಲೇಟು ಮೂರನ್ನೂ ನನ್ನ ಕೈಗೆ ಕೊಟ್ಟಳು.

ಹಿತ್ತಲಿನ ಬಚ್ಚಲ ಕಲ್ಲಿನ ಮೇಲೆ ಕೂತು ತಿಕ್ಕಿದೆ. ಒಣಬೂದಿ ಹಾಕುವುದು, ತಿಕ್ಕುವುದು, ಕೊಡವುವುದು. ಬೂದಿ ಎಣ್ಣೆಯನ್ನು ಹೀರಿ ಕಪ್ಪಾಗಿ ಉದುರುತ್ತಿತ್ತು. ಒಂದು ಮಗ್ಗುಲು ಒಣಗಿ ಒರಟಾಯಿತು. ಇನ್ನೊಂದಕ್ಕೆ ತಿರುಗಿಸಿದೆ, ಕೈ ನಿಂತಿತು.

ಒಂದು ಬಾಜು ಉಳಿದರೂ ಏರಿ ಹತ್ತುವುದಿಲ್ಲ. ನಾಡಿದ್ದು ಅಮಾವಾಸ್ಯೆ, ಆಮೇಲೆ ಆಷಾಢ. ಒಂದು ತಿಂಗಳು ಕೂಸು ನಮ್ಮ ಮನೆಯಲ್ಲೇ. ಹಿತ್ತಲಿನಲ್ಲಿ ನನ್ನನ್ನು ನೋಡುವವರು ಯಾರೂ ಇರಲಿಲ್ಲ. ಇನ್ನಷ್ಟು ಬೂದಿ ಬೇಕೆಂಬ ನೆಪ ಮಾಡಿಕೊಂಡು ಮುಂದಿನ ಬಾಗಿಲಿಗೆ ಹೋದೆ.

ಕಟ್ಟೆಯ ಮೇಲೆ ಅಕ್ಕ ಕೂಸಿನ ತಲೆ ಬಾಚುತ್ತಿದ್ದಳು. ಮುಂಜಾನೆಯಿಂದ ಅದು ಮೂರನೆಯ ಸಲ. ಅವಳು ಮುಡಿದಿದ್ದ ಹೂವು ಬಾಡಿತ್ತು. ಅವ್ವ ತೆಗೆಯಲು ಹೋದರೆ, "ಇರಲಿ ಬೇ, ಇನ್ನೇನ್ ಹೊಂಡತೀವೆಲ್ಲ" ಅನ್ನುತ್ತಿದ್ದಳು. ಕೂಸನ್ನು ಏರಿಯ ಕಡೆಗೆ ತಿರುಗಿಸಿ ಸಣ್ಣ ದನಿಯಲ್ಲಿ, "ನಿಮ್ಮಪ್ಪಾ ಬಾಗಲದಾಗ ನಿಂತಿರತಾನ. ನೀ ನಗಬೇಕ ಮತ್ತ, ಅಳಬಾರದು" ಎಂದು ಪಾಠ ಹೇಳುತ್ತಿದ್ದಳು. ಅಕ್ಕನ ಗಂಡ ಆ ಕೂಸನ್ನು ನೋಡಿದ್ದು ತೊಟ್ಟಿಲಿನ ದಿನ ಬಂದಾಗ, ಒಂದೇ ಸಲ.

ನಾನು ಬೂದಿ ತೆಗೆದುಕೊಳ್ಳುವುದನ್ನೂ ಮರೆತು ಹಿತ್ತಲಿಗೆ ಓಡಿದೆ. ಉಗುರಿನ ಬುಡ ಉರಿಯುವ ತನಕ ತಿಕ್ಕಿದೆ. ಕಾಕಾ ಹೆಬ್ಬೆರಳಿನಿಂದ ಎರಡೂ ಕಡೆ ಉಜ್ಜಿ, ಉಪ್ಪುಕಾಗದದಿಂದ ಒಮ್ಮೆ ತೀಡಿ, "ಹೊಸದಕ್ಕಿಂತ ಚಲೋ ಆತು" ಅಂದರು. ಹಾಗೆ ಆಗಿರಲಿಲ್ಲ ಎಂಬುದು ಈಗ ತಿಳಿಯುತ್ತದೆ. ಒಳ್ಳೆಯ ಮನುಷ್ಯ.

ಅವರು ಅದನ್ನು ಮತ್ತೆ ಕೂಡಿಸುವಷ್ಟರಲ್ಲಿ ದಾರಿಗೆಂದು ಕಟ್ಟಿದ್ದ ಬುತ್ತಿಯನ್ನು ಕಟ್ಟೆಯ ಮೇಲೇ ಬಿಚ್ಚಿದೆವು. ಸಜ್ಜೆರೊಟ್ಟಿ, ಎಣ್ಣೆಗಾಯಿ, ಶೇಂಗಾಹಿಂಡಿ, ಕೆನೆಮೊಸರು. ಮೊಣಕೈ ತನಕ ಗ್ರೀಸು ಬಳಿದುಕೊಂಡಿದ್ದ ಬೀಗರು ಎರಡೆರಡು ಸಲ ಎಣ್ಣೆಗಾಯಿ ಹಾಕಿಸಿಕೊಂಡರು. ನಾನು ಕೂಸನ್ನು ತೊಡೆಯ ಮೇಲಿಂದ ಇಳಿಸಲೇ ಇಲ್ಲ. ಹಸಿಮಣ್ಣಿನಲ್ಲಿ ಒಂದು ಎತ್ತು ಮಾಡಿ ಅದರ ಕೈಗೆ ಕೊಟ್ಟೆ. ಅದು ಕೋಡನ್ನು ತಿಂದಿತು.

ನಾಲ್ಕಕ್ಕೆ ಗಾಡಿ ಮತ್ತೆ ಹೊರಟಿತು. ರೂಢಿಯಂತೆ ಓಣಿಯ ಮುದುಕಿಯರು ಮುಂದಾಗಿ ಏರಿ ಹತ್ತಿ ಕೂತಿದ್ದರು. ಅಪ್ಪ ಎರಡನೆಯ ಗೇರಿಗೆ ಹಾಕಿದ. ತೊಟ್ಟಿಲು, ಟ್ರಂಕು, ಕಾಕಾ ಎಲ್ಲವನ್ನೂ ಹೊತ್ತುಕೊಂಡು ಅದು ಒಂದೇ ಉಸಿರಿಗೆ ಏರಿ ಹತ್ತಿ, ಮುದುಕಿಯರು ಎಲೆಗೆ ಸುಣ್ಣ ಹಚ್ಚುವುದರೊಳಗೆ ಅವರನ್ನು ದಾಟಿ ಆಚೆ ಇಳಿದೇ ಹೋಯಿತು. ಜನ ಹೋ ಎಂದು ನಕ್ಕರು. ನಾನೂ ನಕ್ಕೆ, ಆಮೇಲೆ ಏರಿಯ ಕೆಳಗೆ ಕೂತು ಅತ್ತೆ. ಅಜ್ಜಿ ಬಂದು ಸೆರಗಿನ ತುದಿಯಿಂದ ನನ್ನ ಬೆರಳ ಬೂದಿ ಒರೆಸಿದಳು.

ನಾನು ಆಸೆಪಟ್ಟದ್ದು ಒಂದು ತಿಂಗಳು. ಶಿವ ಕೊಟ್ಟದ್ದು ಮುಂಜಾನೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ. ಅದೂ ನನ್ನ ತಪ್ಪಿನಿಂದಲೇ ಸಿಕ್ಕದ್ದು. ಹೋಗುವವರು ಹೊರಟೂ ಹೋಗದೆ ಕಟ್ಟೆಯ ಮೇಲೆ ಕೂತ ಅಂಥ ಇನ್ನೊಂದು ಹಗಲು ನನ್ನ ಬಾಳಿನಲ್ಲಿ ಬರಲಿಲ್ಲ.

ಈಗ ಅಳಿಯನ ಕಾರಿಗೆ ಗುಂಡಿ ಒತ್ತಿದರೆ ಸಾಕು. ಕೆಟ್ಟರೆ ಯಾರೋ ಬಂದು ಎಳೆದೊಯ್ಯುತ್ತಾರೆ. ಅದರ ಹೊಟ್ಟೆಯೊಳಗೆ ಏನಿದೆ ಎಂಬುದನ್ನು ನಾವಾರೂ ಕಂಡಿಲ್ಲ. ಅದಕ್ಕೂ ದೇವರಿಗೆ ಕೈಮುಗಿಯುತ್ತೇನೆ. ನಡುದಾರಿಯಲ್ಲಿ ಮಕ್ಕಳು ನಿಲ್ಲಬಾರದು. ಹೋದ ತಿಂಗಳು ಮಗಳು ಮೊಮ್ಮಗಳೊಂದಿಗೆ ಗದಗಿನಿಂದ ಬಂದು ಎರಡು ದಿನ ಇದ್ದಳು. ಹೊರಡುವಾಗ ಉಡಿ ತುಂಬಿದೆ. "ಹೋಗಿ ಬರತೀನಿ ಬೇ" ಎಂದಳು. ಮೊಸರಿನ ಡಬ್ಬಿ ಮರೆತೆನೆಂದು ಒಳಗೆ ಹೋಗಿ, ಮುಚ್ಚಳ ಬಿಗಿದು ತರುವಷ್ಟರಲ್ಲಿ ಕಾರು ಓಣಿಯ ತಿರುವಿನಲ್ಲಿತ್ತು. ಸಪ್ಪಳವೂ ಆಗಿರಲಿಲ್ಲ. ಡಬ್ಬಿ ಹಿಡಿದುಕೊಂಡು ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತೆ, ತಿರುಗಿ ಬಂದರೂ ಬರಬಹುದೆಂದು.