ಟ್ರೇಲರ್‌ಗೆ ನಾನು ಹೇಳಿದ ‘ಹೋ’

ಜಾಗ ಸಿಕ್ಕಿತು! ನನ್ನ ಮೊಮ್ಮಗಳ ಹಳೇ ಟ್ರೇಲರ್‌ಗೆ ಘಾಟಿನ ಮೇಲಿನ ಕಾಡಿನ ಪಾರ್ಕಿನಲ್ಲಿ ಕಾಯಂ ಜಾಗ ಸಿಕ್ಕಿತು. ಪುಣೆಯ ಯೆರವಡಾದ ನಮ್ಮ ಗಲ್ಲಿಯಲ್ಲಿ ಹಾಲಿನವನಿಂದ ಹಿಡಿದು ಇಸ್ತ್ರಿಯವನವರೆಗೆ ಎಲ್ಲರಿಗೂ ಹೇಳಿ ಮುಗಿಸಿದ್ದೇನೆ. ಇಸ್ತ್ರಿಯವನಿಗೆ ಎರಡು ಸಲ. ಉಳಿದವರು ನೀವೇ. ನಾನು ಕಲಿತದ್ದು ಮೂರನೇ ಇಯತ್ತೆ. ಅಕ್ಷರ ತಪ್ಪಿದ್ದರೆ ಖುಷಿಯ ಅವಸರವೆಂದು ತಿಳಿಯಿರಿ.

ಮೊಮ್ಮಗಳು ವಿಮಾನ ನಗರದ ಹೋಟೆಲೊಂದರಲ್ಲಿ ಕೆಲಸಕ್ಕಿದ್ದಳು. ಒಂದು ದಿನ ಗುಜರಿಯಿಂದ ಈ ಟ್ರೇಲರ್ ತಂದಳು. ದುಂಡು ಮೂಲೆಗಳ ತಗಡಿನ ಕೋಣೆ, ಕೆಳಗೆ ಎರಡು ಗಾಲಿ, ವಯಸ್ಸು ಹೆಚ್ಚುಕಡಿಮೆ ಅವಳ ತಾಯಿಯದು. ಹಿಂದೆ ಯಾವುದೋ ರಸ್ತೆ ಕೆಲಸದಲ್ಲಿ ಸಾಹೇಬರ ಆಫೀಸಾಗಿತ್ತಂತೆ. ಒಂದು ವರ್ಷ ತುಕ್ಕು ಉಜ್ಜಿ, ಒಳಗೆ ಹಾಸಿಗೆ, ಒಲೆ, ಮಡಚುವ ಮೇಜು ಕೂಡಿಸಿದಳು. ದೂರದ ಪಾರ್ಕಿನಲ್ಲಿ ನಿಲ್ಲಿಸಿ, ಕಾಡು ನೋಡಲು ಬಂದವರಿಗೆ ಉಳಿಯಲು ಕೊಡುತ್ತೇನೆ ಎಂದು ಇದ್ದ ಕೆಲಸವನ್ನೂ ಬಿಟ್ಟಳು.

ಅವಳ ಅಪ್ಪ, ಅವ್ವ, ನಾನು, ನನ್ನ ಹೆಂಡತಿ ಎಲ್ಲರೂ ಹಳೇ ಜೀಪಿನಲ್ಲಿ ತುಂಬಿಕೊಂಡು, ಹಿಂದೆ ಟ್ರೇಲರ್ ಕಟ್ಟಿಕೊಂಡು ಎರಡು ಪಾರ್ಕು ಸುತ್ತಿದೆವು. ಒಂದರಲ್ಲಿ ಕೆರೆ ಇತ್ತು, ನವಿಲಿದ್ದವು, ದಾರಿ ಇರಲಿಲ್ಲ. ಇನ್ನೊಂದರಲ್ಲಿ ದಾರಿ ಇತ್ತು. ಮಂಗವೊಂದು ನಾನು ಒಣಹಾಕಿದ ಧೋತರ ಒಯ್ದು ಮರದ ಮೇಲೆ ಕೂತಿತು, ನಾನು ಟವೆಲ್ಲು ಸುತ್ತಿಕೊಂಡು ಕೆಳಗೆ ಕೂತೆ. ಎರಡೂ ಕಡೆ ಜಾಗ ಇಲ್ಲ ಎಂದರು. ಮೂರನೆಯ ಕಡೆಯೂ ಆಗದಿದ್ದರೆ ಮತ್ತೆ ಹೋಟೆಲಿಗೇ ಹೋಗುತ್ತೇನೆ ಎಂದು ಮೊಮ್ಮಗಳು ನಕ್ಕು ಹೇಳಿದಳು. ಆದರೆ ಅಂದು ಊಟ ಮಾಡಲಿಲ್ಲ.

ಮೂರನೆಯ ಪಾರ್ಕನ್ನು ನೋಡಿಕೊಳ್ಳುವವರು ಅಲ್ಲಿನ ಹಳ್ಳಿಯವರೇ. ಅವರಲ್ಲಿ ಹಿರಿಯ, ನನ್ನ ವಯಸ್ಸಿನ ಮರಾಠಿ ರೈತ, ನಮಗೆ ಒಂದು ಕಿರಿದಾದ ಜಾಗ ತೋರಿಸಿದ. ಒಂದು ಬದಿ ಹೊಸದಾಗಿ ನೆಟ್ಟ ಸಸಿ, ಹಿಂದೆ ಕಲ್ಲಿನ ಗೋಡೆ. ಯಾವುದಕ್ಕೂ ತಾಗದಂತೆ ಟ್ರೇಲರನ್ನು ಹಿಂದಕ್ಕೆ ಸರಿಸಿ ನಿಲ್ಲಿಸಿದರೆ ಜಾಗ ನಿಮ್ಮದು ಎಂದ.

ಮೊಮ್ಮಗಳು ಜೀಪು ಹತ್ತಿದಳು. ನಾನು ಟ್ರೇಲರಿನ ಹಿಂದೆ ಹೋಗಿ ನಿಂತೆ.

“ನೀವ್ಯಾಕ್ರಿ ಅಲ್ಲಿ? ಸುಮ್ನ ಈ ಕಡೆ ಬಂದು ಕೂಡ್ರಿ,” ಎಂದಳು ಹೆಂಡತಿ.

“ಊರಾಗ ಹತ್ತು ವರ್ಷ ಎತ್ತಿನ ಗಾಡಿ ಹೊಡ್ದೀನಿ. ಗಾಡಿ ಹಿಂದ ಸರಸೋದು ನನಗ ಕಲಸ್ತಿಯೇನು?”

“ಆ ಎತ್ತುಗೋಳಿಗೆ ಬುದ್ಧಿ ಇತ್ತು, ಅದಕ್ಕ ನಡೀತು.”

ಕೇಳಿಸದವನಂತೆ ಕೈ ಬೀಸುತ್ತ “ಬರ್ಲಿ, ಬರ್ಲಿ” ಎಂದೆ. ಟ್ರೇಲರ್ ಚೆಂದವಾಗಿ ಬಂತು. ಗೋಡೆ ಇನ್ನು ಒಂದು ಮೊಳ ಇದೆ ಎನ್ನುವಾಗ ಕೂಗಿದೆ: “ಹೋ! ಹೋ!”

ನಿಲ್ಲಲಿಲ್ಲ. “ಹೋ ಹೋ ಹೋ!” ಎಂದೆ ಇನ್ನೂ ಜೋರಾಗಿ. ಅದೂ ಇನ್ನೂ ಜೋರಾಗಿ ಬಂತು. ನಾನು ಪಕ್ಕಕ್ಕೆ ಹಾರಿದೆ, ಗೋಡೆ ಧಡಧಡನೆ ಬಿತ್ತು.

ಮೊಮ್ಮಗಳು ಇಳಿದು ಓಡಿ ಬಂದಳು. “ಮುತ್ಯಾ, ನೀನೇ ಹೋ ಹೋ ಅಂದೆಲ್ಲಾ!”

“ಹೋ ಅಂದ್ರ ನಿಲ್ಲು ಅಂತ, ಅವ್ವಿ!”

“ಹೋ ಅಂದ್ರ ಹೌದು ಅಂತ, ಮುತ್ಯಾ!”

ಪುಣೆಯಲ್ಲಿ ಹುಟ್ಟಿ ಮರಾಠಿ ಶಾಲೆಯಲ್ಲಿ ಕಲಿತವಳು; ಅವಳ ಕಿವಿಗೆ ‘ಹೋ’ ಎಂದರೆ ‘ಹೌದು’. ತಪ್ಪು ಅವಳದಲ್ಲ. ನಾನೇ ಈ ಊರಿನಲ್ಲಿ ನಲವತ್ತು ವರ್ಷ, ಕೆಲಸ ಮಾಡಿಸುವ ಮುಕಾದಮರು ಏನು ಹೇಳಿದರೂ ‘ಹೋ’ ಎಂದು ತಲೆಯಾಡಿಸಿದವನು. ಅದೇ ದಿನ, ಅದೇ ಗಳಿಗೆಗೆ, ಎತ್ತಿಗೆ ಹೇಳುವ ‘ಹೋ’ ಬಾಯಿಗೆ ಬರಬೇಕೇ?

ಮೊಮ್ಮಗಳು ಬಿದ್ದ ಕಲ್ಲುಗಳನ್ನೇ ನೋಡುತ್ತ ನಿಂತಳು. ಕಣ್ಣು ತುಂಬಿತ್ತು. ಆಮೇಲೆ ಆ ಹಿರಿಯನ ಹೊಟ್ಟೆ ನಗುವಿಗೆ ಕುಣಿಯತೊಡಗಿತು. ಅವನ ಎತ್ತುಗಳೂ ‘ಹೋ’ ಎಂದರೆ ನಿಲ್ಲುತ್ತವಂತೆ. “ಬೈಲ ಥಾಂಬಲಾ ಅಸತಾ, ಪೋರಗೀ ಥಾಂಬಲೀ ನಾಹೀ,” ಎಂದ. ಎತ್ತಾಗಿದ್ದರೆ ನಿಲ್ಲುತ್ತಿತ್ತು, ಹುಡುಗಿ ನಿಲ್ಲಲಿಲ್ಲ.

ಅವನು ನಗುತ್ತಿರುವಾಗಲೇ ಕೈಮುಗಿದು ಕೇಳಿಕೊಂಡೆ: ನಾನು ಗೌಂಡಿ, ಹೊತ್ತು ಮುಳುಗುವುದರೊಳಗೆ ಗೋಡೆ ಎಬ್ಬಿಸುತ್ತೇನೆ, ಹುಡುಗಿಗೆ ಇನ್ನೊಂದು ಸಲ ಬಿಡಿ. ಜೀವಮಾನವೆಲ್ಲ ಗೋಡೆ ಕಟ್ಟಿದವನು ಕೂಗಿ ಗೋಡೆ ಕೆಡವಿದ್ದು ಇದೇ ಮೊದಲು ಎಂದೂ ಹೇಳಿದೆ. ಅವನು ಒಪ್ಪಿದ. ಅಳಿಯ, ಮಗಳು, ಮೊಮ್ಮಗಳು ಕಲ್ಲು ಕೊಟ್ಟರು, ನಾನು ಕೂಡಿಸಿದೆ. ಹಿರಿಯ ಬಂದು ಒಂದು ಕಲ್ಲು ಅಲುಗಾಡಿಸಿ ನೋಡಿದ. ಅದು ಅಲುಗಾಡಿತು. ತೆಗೆದು ಮತ್ತೆ ಕೂಡಿಸಿದೆ.

ಎರಡನೆಯ ಸಲ ನನ್ನನ್ನು ಹಿಂದೆ ನಿಲ್ಲಲು ಬಿಡಲಿಲ್ಲ. ಹೆಂಡತಿ ನನ್ನ ಅಂಗಿ ಹಿಡಿದುಕೊಂಡು ಕೂತು, ಬಾಯಿಗೆ ಒಂದು ಮುಷ್ಟಿ ಹುರಿದ ಶೇಂಗಾ ತುರುಕಿದಳು. ಮೊಮ್ಮಗಳು ಮೂರು ಸಲ ಇಳಿದು ತಾನೇ ನೋಡಿಕೊಂಡಳು, ಮತ್ತೆ ಹತ್ತಿದಳು. ಒಂದು ಸಸಿಯ ಎಲೆಯೂ ಅಲುಗದಂತೆ ಟ್ರೇಲರ್ ಒಳಗೆ ಬಂದು ನಿಂತಿತು. ಹಿರಿಯ ಅದರ ತಗಡನ್ನು ಎಮ್ಮೆಯ ಬೆನ್ನು ತಟ್ಟಿದಂತೆ ತಟ್ಟಿ, “ರಾಹೂ ದ್ಯಾ,” ಎಂದ. ಇರಲಿ ಬಿಡಿ ಎಂದು. ಮೊಮ್ಮಗಳು ಓಡಿ ಬಂದು ನನ್ನ ಕೊರಳಿಗೆ ಬಿದ್ದಳು. ಬಾಯಲ್ಲಿದ್ದ ಶೇಂಗಾ ನೆತ್ತಿಗೇರಿತು.

ಆ ಸಂಜೆ ಟ್ರೇಲರಿನ ಮುಂದೆ ಜಮಖಾನ ಹಾಸಿ ಎಲ್ಲರೂ ಊಟಕ್ಕೆ ಕೂತರು. ಕಲ್ಲು ಹೊತ್ತ ನನ್ನ ಸೊಂಟ ಬಗ್ಗಲಿಲ್ಲ. ನಾನೊಬ್ಬ ಟ್ರೇಲರಿನ ಮೆಟ್ಟಿಲ ಮೇಲೆ ಮದುಮಗನಂತೆ ಕೂತೆ. ಹೆಂಡತಿ ಖಡಕ್ ರೊಟ್ಟಿ ಮುರಿದು ಪುಂಡಿಪಲ್ಯ ಹಚ್ಚಿ ಮೇಲಕ್ಕೆ ಕೊಟ್ಟಳು. ಮೊಮ್ಮಗಳು ಮೂರನೆಯ ರೊಟ್ಟಿ ಕೇಳಿದಳು, ಆಮೇಲೆ ನಾಲ್ಕನೆಯದು.